ನಾವು ಒಂದೇ ವೇಯ್ಟ್‌ಲಿಸ್ಟ್‌ನಲ್ಲಿ ಉಳಿದದ್ದು

ಅಮೆರಿಕದ ಕಾಲೇಜುಗಳು ಮಾರ್ಚ್ ತಿಂಗಳ ಹೊತ್ತಿಗೆ ಕೊಡುವ ಉತ್ತರ ಮೂರು ಬಗೆಯದು: ಪ್ರವೇಶ ಉಂಟು, ಇಲ್ಲ, ಅಥವಾ ವೇಯ್ಟ್‌ಲಿಸ್ಟ್. 2023ರಲ್ಲಿ ನಮ್ಮ ಮಗಳಿಗೆ ಮೂರೂ ಬಗೆಯವು ಬಂದವು, ವೇಯ್ಟ್‌ಲಿಸ್ಟ್ ಎಂದ ಕಾಲೇಜುಗಳಂತೂ ಒಂದಕ್ಕಿಂತ ಹೆಚ್ಚು. ಅವುಗಳ ಪೋರ್ಟಲ್‌ಗಳಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಪಟ್ಟಿಯಲ್ಲಿ ಉಳಿಯಲು ಇಚ್ಛಿಸುತ್ತೀರಾ? ಹೌದು ಎನ್ನಲು ಹಣ ಕಟ್ಟಬೇಕಿಲ್ಲ, ಕಾರಣ ಹೇಳಬೇಕಿಲ್ಲ. ಆದ್ದರಿಂದ ಎಲ್ಲದಕ್ಕೂ ಹೌದು ಎಂದುಬಿಡುವವರು ಹಲವರು. ನಾವು ಒಂದನ್ನು ಉಳಿಸಿಕೊಂಡು ಮಿಕ್ಕವಕ್ಕೆ ಬೇಡ ಎಂದೆವು. ಹಾಗೇಕೆ ಮಾಡಿದೆವು, ಆಮೇಲೆ ಏನಾಯಿತು ಎಂಬುದನ್ನು ಇದೇ ದಾರಿಯಲ್ಲಿರುವ ತಂದೆತಾಯಂದಿರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಈ ಪಟ್ಟಿಯ ಸ್ವಭಾವ ತಿಳಿದಿರಬೇಕು. ರೈಲಿನ ವೇಯ್ಟಿಂಗ್ ಲಿಸ್ಟ್‌ನಲ್ಲಿ ನಮ್ಮ ಸಂಖ್ಯೆ ಎಷ್ಟೆಂದು ಗೊತ್ತಿರುತ್ತದೆ, ಮುಂದಿನವರು ಸರಿದಂತೆ ನಾವು ಮೇಲೇರುತ್ತೇವೆ. ಇಲ್ಲಿ ಹೆಚ್ಚಿನ ಕಡೆ ಅಂಥ ಸರದಿಯೇ ಇಲ್ಲ. ಕಾಲೇಜಿನವರು ಮೇ 1ರವರೆಗೆ ಎಷ್ಟು ಮಂದಿ ಸೀಟು ಖಚಿತಪಡಿಸುವ ಡೆಪಾಸಿಟ್ ಕಟ್ಟಿದರೆಂದು ಎಣಿಸುತ್ತಾರೆ, ಕೊರತೆ ಬಿದ್ದರೆ ಎಲ್ಲಿ ಬಿದ್ದಿದೆ ಎಂದು ನೋಡುತ್ತಾರೆ. ಎಂಜಿನಿಯರಿಂಗ್‌ನಲ್ಲಿ ಕಡಿಮೆಯಾಗಿದ್ದರೆ ಆ ವಿಭಾಗ ಕೇಳಿದವರಿಗೆ ಕರೆ ಹೋಗುತ್ತದೆ. ಸಾಹಿತ್ಯ ಓದಬೇಕೆಂದವರು ಎಷ್ಟೇ ಚೆನ್ನಾಗಿದ್ದರೂ ಕಾಯುತ್ತಲೇ ಇರಬೇಕಾಗುತ್ತದೆ. ಆದ್ದರಿಂದಲೇ ಒಂದು ವರ್ಷ ಒಬ್ಬರನ್ನೂ ಕರೆಯದ ಕಾಲೇಜು ಮರುವರ್ಷ ನೂರಾರು ಮಂದಿಯನ್ನು ಕರೆಯುವುದುಂಟು. ನ್ಯಾಕ್ಯಾಕ್ ಎಂದು ಪರಿಚಿತವಾದ ಪ್ರವೇಶ ಸಲಹೆಗಾರರ ರಾಷ್ಟ್ರೀಯ ಸಂಘವು 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪಟ್ಟಿಯಲ್ಲಿ ಉಳಿಯಲು ಒಪ್ಪಿದವರಲ್ಲಿ ಸರಾಸರಿ ಶೇ. 20ರಷ್ಟು ಮಂದಿಗೆ ಪ್ರವೇಶ ಸಿಕ್ಕಿತ್ತು. ಅರ್ಜಿದಾರರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿಯನ್ನು ತೆಗೆದುಕೊಳ್ಳುವ ಕಾಲೇಜುಗಳಲ್ಲಿ ಶೇ. 7. ನಿರ್ದಿಷ್ಟ ಕಾಲೇಜಿನ ಅಂಕಿ ಬೇಕಿದ್ದರೆ ಬಹಳಷ್ಟು ಕಾಲೇಜುಗಳು ಪ್ರಕಟಿಸುವ ಕಾಮನ್ ಡೇಟಾ ಸೆಟ್‌ನ ಸಿ2 ಭಾಗವನ್ನು ತೆರೆದು ನೋಡಬೇಕು. ಎಷ್ಟು ಮಂದಿಗೆ ವೇಯ್ಟ್‌ಲಿಸ್ಟ್ ಹೇಳಲಾಯಿತು, ಎಷ್ಟು ಮಂದಿ ಒಪ್ಪಿದರು, ಕೊನೆಗೆ ಎಷ್ಟು ಮಂದಿಗೆ ಸೀಟು ಸಿಕ್ಕಿತು ಎಂಬ ಮೂರೂ ಸಂಖ್ಯೆಗಳು ಅಲ್ಲಿರುತ್ತವೆ. ನಾನು ಹಲವು ವರ್ಷಗಳದ್ದನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಯಾವ ನಿಯಮವೂ ಕಾಣಲಿಲ್ಲ, ಆಸೆಯನ್ನು ಎಷ್ಟರಮಟ್ಟಿಗೆ ಇಟ್ಟುಕೊಳ್ಳಬೇಕೆಂಬುದು ಮಾತ್ರ ಗೊತ್ತಾಯಿತು.

ಆಯ್ಕೆಗೆ ನಾವು ಬಳಸಿದ ಅಳತೆ ಸರಳವಾದದ್ದು. ಜೂನ್ ನಡುವೆ, ಬೇರೆ ಕಾಲೇಜಿನ ಹಾಸ್ಟೆಲ್ ಕೋಣೆಯೂ ಗೊತ್ತಾದ ಮೇಲೆ, ಇವರು ಫೋನ್ ಮಾಡಿದರೆ ಅದನ್ನು ಬಿಟ್ಟು ಹೊರಡುತ್ತೀಯಾ ಎಂದು ಒಂದೊಂದು ಹೆಸರನ್ನೂ ಮುಂದಿಟ್ಟು ಮಗಳನ್ನು ಕೇಳಿದೆವು. ಒಂದಕ್ಕೆ ಮಾತ್ರ ಅವಳು ತಡಮಾಡದೆ ಹೂಂ ಎಂದಳು. ಇನ್ನೊಂದರ ಬಗ್ಗೆ, “ಹೋಗಲ್ಲ ಅಮ್ಮ, ಆದ್ರೆ ಕರೀತಾರೋ ಇಲ್ವೋ ಗೊತ್ತಾಗ್ಬೇಕು” ಎಂದಳು. ಹದಿನೆಂಟರ ಹುಡುಗಿಗೆ ಅಂಥ ಕುತೂಹಲ ಸಹಜವೇ, ಆದರೆ ಅದನ್ನು ತಣಿಸುವುದು ಅಡ್ಮಿಷನ್ ಆಫೀಸಿನ ಕೆಲಸವಲ್ಲ. ಹಲವು ಪಟ್ಟಿಗಳಲ್ಲಿ ಹೆಸರಿಡುವುದು ಮೋಸ ಎಂದು ನಾನು ಹೇಳುವುದಿಲ್ಲ. ಕಾಯುವವರು ಯಾರ ಸೀಟನ್ನೂ ಹಿಡಿದುಕೊಂಡಿರುವುದಿಲ್ಲ. ಕರೆ ಬಂದಾಗ ಬೇಡ ಎಂದರೆ ಮಾತ್ರ, ನಿಜವಾಗಿ ಬೇಕಾದ ಇನ್ನೊಬ್ಬರಿಗೆ ಅದು ತಲುಪುವುದು ಅಷ್ಟು ದಿನ ತಡವಾಗುತ್ತದೆ. ಮೇ ತಿಂಗಳಲ್ಲಿ ಆ ಒಂದೆರಡು ದಿನಗಳಿಗೆ ಬೆಲೆಯಿದೆ.

ಮನೆಯಲ್ಲಿ ನಿಜವಾದ ಚರ್ಚೆ ನಡೆದದ್ದು ಡೆಪಾಸಿಟ್ ಬಗ್ಗೆ. ಪ್ರವೇಶ ಕೊಟ್ಟ ಕಾಲೇಜುಗಳಲ್ಲಿ ಒಂದನ್ನು ಆರಿಸಿ ಮೇ 1ರೊಳಗೆ ಹಣ ಕಟ್ಟಿದೆವು. ಹಣ ಕಟ್ಟಿಯೂ ಬೇರೆ ಕಡೆ ಕಾಯುವುದು ಕೊಟ್ಟ ಮಾತಿಗೆ ತಪ್ಪಿದಂತಲ್ಲವೇ ಎಂದು ನಮ್ಮ ಮನೆಯವರು ಪಟ್ಟುಹಿಡಿದರು. ಎರಡು ಕಾಲೇಜುಗಳಿಗೆ ಏಕಕಾಲಕ್ಕೆ ಡೆಪಾಸಿಟ್ ಕಟ್ಟುವುದು ಖಂಡಿತ ತಪ್ಪು, ಏಕೆಂದರೆ ಅಲ್ಲಿ ಒಬ್ಬರು ಎರಡು ಸೀಟುಗಳ ಮೇಲೆ ಕುಳಿತಿರುತ್ತಾರೆ. ವೇಯ್ಟ್‌ಲಿಸ್ಟ್ ಬೇರೆ. ಮೇ 1ರ ನಂತರ ಬೇರೆ ಕಾಲೇಜಿಗೆ ಒಪ್ಪಿದ ವಿದ್ಯಾರ್ಥಿಯನ್ನು ಸೆಳೆಯಬಾರದು ಎಂಬ ನಿಯಮ ನ್ಯಾಕ್ಯಾಕ್‌ನ ನೀತಿಸಂಹಿತೆಯಲ್ಲಿತ್ತು. ಅದು ಸ್ಪರ್ಧೆಗೆ ಅಡ್ಡಿ ಎಂಬ ಅಮೆರಿಕದ ನ್ಯಾಯಾಂಗ ಇಲಾಖೆಯ ಆಕ್ಷೇಪದಿಂದಾಗಿ 2019ರ ಸೆಪ್ಟೆಂಬರ್‌ನಲ್ಲಿ ಸಂಘವು ಅದನ್ನು ತೆಗೆದುಹಾಕಿತು. ಆದರೆ ಅಷ್ಟು ಕಟ್ಟುನಿಟ್ಟಾಗಿದ್ದ ಕಾಲದಲ್ಲೂ ಆ ನಿಯಮಕ್ಕೆ ಒಪ್ಪಿತ ವಿನಾಯಿತಿಯೊಂದಿತ್ತು, ಅದು ವೇಯ್ಟ್‌ಲಿಸ್ಟ್‌ನಿಂದ ಸಿಗುವ ಪ್ರವೇಶ. ಡೆಪಾಸಿಟ್ ಕಟ್ಟಿದವರಲ್ಲಿ ಒಂದಷ್ಟು ಮಂದಿ ಬೇಸಿಗೆಯಲ್ಲಿ ಕರಗಿಹೋಗುತ್ತಾರೆಂದು ಲೆಕ್ಕ ಹಿಡಿದೇ ಕಾಲೇಜುಗಳು ಪ್ರವೇಶ ಕೊಡುತ್ತವೆ, ಮರಳಿಸದ ಡೆಪಾಸಿಟ್ ಇರುವುದೂ ಅದಕ್ಕಾಗಿಯೇ. ಇಷ್ಟು ಹೇಳಿದ ಮೇಲೆ ಅವರು ಸುಮ್ಮನಾದರು. ಒಪ್ಪಿದರೆಂದು ನಾನು ಬರೆಯಲಾರೆ.

ಇನ್ನು ಪತ್ರ. ಪಟ್ಟಿಯಲ್ಲಿ ಉಳಿದವರು ತಮ್ಮ ಆಸಕ್ತಿ ಮುಂದುವರಿದಿದೆ ಎಂದು ತಿಳಿಸುವ ಒಂದು ಪುಟದ ಪತ್ರ ಬರೆಯುವುದು ರೂಢಿ. ಕೆಲವು ಕಾಲೇಜುಗಳು ಅದು ಬೇಡವೆಂದೇ ಹೇಳುತ್ತವೆ, ಆಗ ಬರೆಯಬಾರದು. ನಮ್ಮದು ಬೇಕು ಎಂದಿತ್ತು. ಅರ್ಜಿ ಹಾಕಿದ ಮೇಲೆ ಬಂದ ಅಂಕಗಳು, ಶಾಲೆಯ ವಿಜ್ಞಾನ ಪ್ರಯೋಗಾಲಯದಲ್ಲಿ ಹೊಸದಾಗಿ ವಹಿಸಿಕೊಂಡ ಕೆಲಸ, ಆ ಕಾಲೇಜಿನ ಯಾವ ಕೋರ್ಸಿಗಾಗಿ ಅಲ್ಲಿಗೇ ಹೋಗಬೇಕೆನಿಸಿದೆ ಎಂಬುದು, ಇಷ್ಟನ್ನೇ ಅವಳು ಬರೆದಳು. ತೊಡಕಾದದ್ದು ಕೊನೆಯ ಸಾಲು. “ಪ್ರವೇಶ ಕೊಟ್ಟರೆ ಖಂಡಿತವಾಗಿ ಸೇರುತ್ತೇನೆ” ಎಂದು ಬರೆದರೆ ಪತ್ರಕ್ಕೆ ಬಲ ಬರುತ್ತದೆ ಎಂಬುದು ಶಾಲೆಯ ಕೌನ್ಸೆಲರ್ ಸಲಹೆ, ಅದು ಸರಿಯೂ ಹೌದು: ಕರೆದರೆ ಬರುವವರನ್ನೇ ಕರೆಯಲು ಕಾಲೇಜುಗಳು ಬಯಸುತ್ತವೆ. ಆದರೆ ಕಾಲೇಜಿನ ಹಣಕಾಸಿನ ನೆರವಿಲ್ಲದೆ ಅಲ್ಲಿನ ಖರ್ಚು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಅರ್ಜಿ ನೋಡುವಾಗ ಕುಟುಂಬದ ಹಣಕಾಸನ್ನು ಗಣಿಸದ ಕಾಲೇಜುಗಳಲ್ಲೂ ಕೆಲವು ವೇಯ್ಟ್‌ಲಿಸ್ಟ್ ಹಂತದಲ್ಲಿ ಅದನ್ನು ಗಣಿಸುತ್ತವೆ. ಆ ಹೊತ್ತಿಗೆ ನೆರವಿನ ನಿಧಿ ಬಹುಪಾಲು ಹಂಚಿಹೋಗಿರುತ್ತದೆ. ಹೀಗಾಗಿ ಸಾಲು ಕೊನೆಗೆ ಹೀಗಾಯಿತು: “ನನ್ನ ಮೊದಲ ಆಯ್ಕೆ ನಿಮ್ಮ ಕಾಲೇಜೇ, ನೆರವಿನ ಮೊತ್ತ ನಮ್ಮ ಕುಟುಂಬಕ್ಕೆ ಹೊಂದಿದರೆ ಸೇರುತ್ತೇನೆ.” ಇದರಿಂದ ಬಲ ತಗ್ಗುತ್ತದೆ ಎಂದು ಕೌನ್ಸೆಲರ್ ಎಚ್ಚರಿಸಿದರು. ತಗ್ಗಿದರೂ ಇರಲಿ ಎಂದೆವು, ಏಕೆಂದರೆ ಖಂಡಿತ ಎಂಬ ಮಾತನ್ನು ಆಮೇಲೆ ಹಿಂತೆಗೆದುಕೊಂಡರೆ ಅದರ ಪರಿಣಾಮ ಅದೇ ಶಾಲೆಯಿಂದ ಮುಂದೆ ಅರ್ಜಿ ಹಾಕುವ ಮಕ್ಕಳ ಮೇಲೂ ಬೀಳಬಹುದು.

ಮೇ ಮೂರನೆಯ ವಾರದಲ್ಲಿ ಫೋನ್ ಬಂತು. ಎರಡು ದಿನಗಳಲ್ಲಿ ಉತ್ತರ ಬೇಕೆಂದರು. ನೆರವಿನ ಪತ್ರ ಕೈಸೇರಿದ ಮೇಲಷ್ಟೇ ಉತ್ತರಿಸಲು ಸಾಧ್ಯ ಎಂದು ಮಗಳೇ ಹೇಳಿದಳು, ಪಕ್ಕದಲ್ಲಿ ಕುಳಿತ ನಾನು ಬಾಯಿ ಬಿಡಲಿಲ್ಲ. ಸಂಭ್ರಮದಲ್ಲಿ ಹೂಂ ಎಂದುಬಿಡುವ ಗಳಿಗೆ ಅದು. ಆದರೆ ಕಾಗದ ನೋಡದೆ ಒಪ್ಪಬಾರದು. ಪತ್ರ ಮರುದಿನ ಸಂಜೆ ಬಂತು. ಅನುದಾನ, ಸಾಲ, ಕ್ಯಾಂಪಸ್ ಕೆಲಸದ ಗಳಿಕೆ ಮೂರನ್ನೂ ಬಿಡಿಸಿ ನೋಡಿದಾಗ, ಮರಳಿಸಬೇಕಿಲ್ಲದ ಮೊತ್ತ ಮೊದಲ ಕಾಲೇಜು ಕೊಟ್ಟದ್ದಕ್ಕಿಂತ ಕಡಿಮೆಯಿತ್ತು. ಆ ವ್ಯತ್ಯಾಸವನ್ನು ನಾಲ್ಕು ವರ್ಷಗಳಿಗೆ ಗುಣಿಸಿ, ಹೊರಬಲ್ಲೆವು ಎನಿಸಿದ ಮೇಲೆ ಒಪ್ಪಿದೆವು.

ಅದೇ ರಾತ್ರಿ ಮೊದಲ ಕಾಲೇಜಿನ ಪೋರ್ಟಲ್‌ನಲ್ಲಿ ಪ್ರವೇಶ ರದ್ದತಿಯ ಅರ್ಜಿ ತುಂಬಿ, ಪ್ರತ್ಯೇಕವಾಗಿ ಒಂದು ಇಮೇಲನ್ನೂ ಅವಳು ಬರೆದಳು. ಅವರಲ್ಲೂ ವೇಯ್ಟ್‌ಲಿಸ್ಟ್ ಇತ್ತು, ಅಲ್ಲೂ ಯಾರೋ ಕಾಯುತ್ತಿದ್ದರು. ಡೆಪಾಸಿಟ್ ಹೋಯಿತು, ಅದನ್ನು ಮರಳಿ ಕೇಳಲೂ ಇಲ್ಲ. ಹಾಸ್ಟೆಲ್ ಮತ್ತು ಓರಿಯೆಂಟೇಶನ್ ನೋಂದಣಿಯನ್ನು ಪ್ರತ್ಯೇಕವಾಗಿಯೇ ರದ್ದು ಮಾಡಬೇಕಾಯಿತು. ಕೊನೆಗೆ ಶಾಲೆಯ ಕೌನ್ಸೆಲರ್‌ಗೆ ತಿಳಿಸಿ, ಅಂತಿಮ ಅಂಕಪಟ್ಟಿಯನ್ನು ಹೊಸ ಕಾಲೇಜಿಗೆ ಕಳಿಸುವಂತೆ ಬದಲಾಯಿಸಿಕೊಂಡೆವು. ಆ ಶಾಲೆ ಅದನ್ನು ಒಂದೇ ಕಾಲೇಜಿಗೆ ಕಳಿಸುತ್ತದೆ. ಎರಡು ಕಡೆ ಡೆಪಾಸಿಟ್ ಕಟ್ಟಿದವರು ಸಿಕ್ಕಿಬೀಳುವುದು ಬಹುತೇಕ ಅಲ್ಲಿಯೇ.