ಔಷಧ ಸೂಸುವ ಪೇಸ್‌ಮೇಕರ್ ಲೀಡ್: ಅಳವಡಿಸಿಕೊಂಡವರು ಪಾಲಿಸಬೇಕಾದ ಕ್ರಮ

ಪೇಸ್‌ಮೇಕರ್‌ನಿಂದ ಹೃದಯಕ್ಕೆ ವಿದ್ಯುತ್ತನ್ನು ಒಯ್ಯುವ ತಂತಿಯೇ ಲೀಡ್. ಅದರ ತುದಿ ಹೃದಯದ ಒಳಗೋಡೆಗೆ ತಾಗುವಲ್ಲಿ ಮೊದಲ ಕೆಲವು ವಾರ ಉರಿಯೂತ ಉಂಟಾಗಿ, ಮಿಡಿತ ಮೂಡಿಸಲು ಬೇಕಾದ ವೋಲ್ಟೇಜ್ ಏರುತ್ತದೆ. ಇದನ್ನು ತಗ್ಗಿಸಲೆಂದೇ 1980ರ ದಶಕದಿಂದ ತುದಿಯಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಇರಿಸಿದ ಲೀಡ್‌ಗಳು ಬಳಕೆಗೆ ಬಂದಿವೆ. ಔಷಧದ ಪ್ರಮಾಣ ಸಾಮಾನ್ಯವಾಗಿ 1 ಮಿಲಿಗ್ರಾಂಗಿಂತ ಕಡಿಮೆಯಿದ್ದು, ಅದು ಆ ಜಾಗದಲ್ಲೇ ನಿಧಾನವಾಗಿ ಸೂಸುವುದರಿಂದ, ಸ್ಟೀರಾಯ್ಡ್ ಮಾತ್ರೆ ನುಂಗುವವರಿಗಿರುವ ಭಯ ಇಲ್ಲಿ ಅನಗತ್ಯ. ಆದರೂ ಆ ಔಷಧದ ಅಲರ್ಜಿ ಇದ್ದವರು ಶಸ್ತ್ರಚಿಕಿತ್ಸೆಗೆ ಮುನ್ನವೇ ತಿಳಿಸಬೇಕು.

ಔಷಧವು ಉರಿಯೂತವನ್ನು ತಗ್ಗಿಸುತ್ತದೆಯೇ ಹೊರತು ತಂತಿಯನ್ನು ಹಿಡಿದಿಡುವುದಿಲ್ಲ. ಆದ್ದರಿಂದ ವೈದ್ಯರು ಹೇಳಿದಷ್ಟು ಕಾಲ, ಸಾಮಾನ್ಯವಾಗಿ 4ರಿಂದ 6 ವಾರ, ಪೇಸ್‌ಮೇಕರ್ ಇರಿಸಿದ ಬದಿಯ ತೋಳನ್ನು ಭುಜಕ್ಕಿಂತ ಮೇಲೆತ್ತಬಾರದು, ತುಂಬಿದ ಕೊಡ ಎತ್ತಬಾರದು. ಹಾಗೆಂದು ಕೈಯನ್ನು ಅಲುಗಿಸದೆ ಇಟ್ಟುಕೊಂಡರೆ ಭುಜ ಬಿಗಿದುಕೊಳ್ಳುತ್ತದೆ. ಗಾಯ ಕೆಂಪಾಗಿ ಊದಿದರೆ, ಜ್ವರ, ತಲೆಸುತ್ತು ಅಥವಾ ನಿಲ್ಲದ ಬಿಕ್ಕಳಿಕೆ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸುಮಾರು ಮೂರು ತಿಂಗಳ ಹೊತ್ತಿಗೆ ನಡೆಯುವ ತಪಾಸಣೆಯನ್ನು ಅನೇಕರು ಹಗುರವಾಗಿ ಕಾಣುತ್ತಾರೆ. ಆದರೆ ಆರಂಭದಲ್ಲಿ ಸುರಕ್ಷತೆಗಾಗಿ ಹೆಚ್ಚಿಟ್ಟಿದ್ದ ವೋಲ್ಟೇಜನ್ನು ಆಗಲೇ ಪರೀಕ್ಷಿಸಿ ಇಳಿಸುವುದರಿಂದ, ಬ್ಯಾಟರಿಯ ಬಾಳಿಕೆ ಬಹುಮಟ್ಟಿಗೆ ಆ ಭೇಟಿಯನ್ನೇ ಅವಲಂಬಿಸಿದೆ. ಎಂಆರ್‌ಐ ಮಾಡಿಸುವ ಮುನ್ನ ಸಾಧನದ ಗುರುತಿನ ಚೀಟಿಯನ್ನು ತೋರಿಸಬೇಕು.