ಬಣ್ಣ ಹಚ್ಚದೇ ರಿಪೇರಿ ಮಾಡಿದ ಟೈಪ್‌ರೈಟರ್

ಬೆಳಗಾವಿಯ ಗುಜರಿ ಅಂಗಡಿಯೊಂದರಲ್ಲಿ ಕನ್ನಡದ ರೆಮಿಂಗ್ಟನ್ ಟೈಪ್‌ರೈಟರ್ ಕಣ್ಣಿಗೆ ಬಿತ್ತು. ಒಡೆದು ತೂಕಕ್ಕೆ ಹಾಕಲು ಇಟ್ಟಿದ್ದರು. 1,200 ರೂಪಾಯಿ ಕೊಟ್ಟು ಮನೆಗೆ ತಂದೆ. ಹಾಳೆ ಹೊತ್ತು ಪಕ್ಕಕ್ಕೆ ಸಾಗುವ ಕ್ಯಾರೇಜ್ ಸರಿಯುತ್ತಿರಲಿಲ್ಲ. ಒತ್ತಿದ ಕೀಲಿ ಒತ್ತಿದಲ್ಲೇ ನಿಲ್ಲುತ್ತಿತ್ತು. ನಮ್ಮೂರ ಮಳೆ ಗೊತ್ತಲ್ವಾ, ತಳಕ್ಕೆಲ್ಲ ತುಕ್ಕು.

ಇದಕ್ಕೂ ಮೊದಲು ಒಂದು ಇಂಗ್ಲಿಷ್ ಮಷಿನ್‌ಗೆ ಹೊಸದಾಗಿ ಕಪ್ಪು ಬಣ್ಣ ಹೊಡೆಸಿದ್ದೆ. ಕಂಪನಿಯ ಬಂಗಾರದ ಅಕ್ಷರ ಅದರಡಿ ಮುಚ್ಚಿಹೋಯಿತು. ಕೊಳ್ಳಲು ಬಂದವರು 2,000ದ ಮೇಲೆ ಏರಲೇ ಇಲ್ಲ. ಅದನ್ನು ನೋಡಿದ ಹಳೇ ಮೆಕ್ಯಾನಿಕ್ ಕಾಕಾ ಒಬ್ಬರು, "ಒಳಗಿಂದು ರಿಪೇರಿ ಮಾಡ್ರಿ, ಮ್ಯಾಲಿಂದು ಮುಟ್ಟಬ್ಯಾಡ್ರಿ" ಅಂದರು. ಈ ಸಲ ಹಾಗೇ ಮಾಡಿದೆ.

ಕೀಲಿ ಅಂಟಿದರೆ ಎಲ್ಲರೂ ಎಣ್ಣೆ ಬಿಡುತ್ತಾರೆ. ಮಾಡಬೇಡಿ. ಎಣ್ಣೆಗೆ ಧೂಳು ಸೇರಿ ಅಂಟಾಗುತ್ತದೆ. ಅಕ್ಷರದ ಕಡ್ಡಿಗಳ ಬುಡ ಅರ್ಧಚಂದ್ರದಂಥ ಕಬ್ಬಿಣದ ಸೀಳುಗಳಲ್ಲಿ ಕೂತಿರುತ್ತದೆ. ಅಂಗಳದಲ್ಲಿ ಕೂತು, ಹಲ್ಲುಜ್ಜುವ ಹಳೇ ಬ್ರಷ್‌ನಿಂದ ಒಂದೊಂದೇ ಸೀಳಿಗೆ ವೈಟ್ ಪೆಟ್ರೋಲ್ ಹಚ್ಚಿ ಉಜ್ಜಿದೆ. ಕರೀ ರಾಡಿ ಇಳಿಯಿತು. ಮೂರು ಸಂಜೆ ಹಿಡಿಯಿತು. ಕಡೆಗೆ ಕಡ್ಡಿಗಳು ತಾವಾಗಿಯೇ ಹಿಂದೆ ಬೀಳತೊಡಗಿದಾಗ ಆದ ಖುಷಿ ಹೇಳತೀರದು. ಪೆಟ್ರೋಲ್ ಬಂಗಾರದ ಅಕ್ಷರಕ್ಕೆ ತಾಗದಂತೆ ಬಟ್ಟೆ ಹೊದಿಸಿದ್ದೆ. ಹೊರಗಿನ ಧೂಳಿಗೆ ಒದ್ದೆ ಬಟ್ಟೆ ಸಾಕಾಯಿತು.

ಕ್ಯಾರೇಜ್ ಎಳೆಯುವ ಪಟ್ಟಿ ಹರಿದಿತ್ತು. ಅದರ ಜಾಗಕ್ಕೆ ಗಾಳದ ನೈಲಾನ್ ದಾರ ಕಟ್ಟಿದೆ. ಆ ದಾರವನ್ನು ಎಳೆಯುವ ಸ್ಪ್ರಿಂಗ್ ಡ್ರಮ್ಮನ್ನು ಸುತ್ತು ಕೊಟ್ಟು ಗಟ್ಟಿಯಾಗಿ ಹಿಡಿದಿರಬೇಕು. ಕೈ ಜಾರಿದರೆ ಬೆರಳಿಗೆ ಪೆಟ್ಟು. ಕ್ಯಾರೇಜ್ ಸಾಲಿನ ಕೊನೆಗೆ ಮುಟ್ಟುವಷ್ಟು ಬಿಗಿ ಸಾಕು, ಜಾಸ್ತಿ ಬೇಡ.

ಕನ್ನಡದ ಮಷಿನ್‌ನಲ್ಲಿ ಇನ್ನೊಂದು ಪರೀಕ್ಷೆ ಇದೆ. ಕೆಲವು ಕೀಲಿ ಒತ್ತಿದಾಗ ಕ್ಯಾರೇಜ್ ಸರಿಯಬಾರದು, ಒತ್ತು ಅಕ್ಷರಕ್ಕೇ ಬಂದು ಕೂರಬೇಕು. ಇಷ್ಟೆಲ್ಲ ಗುಣಿತ, ಒತ್ತುಗಳನ್ನು ನಾಲ್ಕು ಸಾಲು ಕೀಲಿಗಳಲ್ಲಿ ಕೂರಿಸಿದ ಕೆ. ಅನಂತಸುಬ್ಬರಾಯರನ್ನು ನೆನೆದು "ಅಕ್ಕ", "ಬೆಳ್ಳಿ" ಅಂತ ಹೊಡೆದೆ. ಒತ್ತು ಜಾಗಕ್ಕೇ ಬಿತ್ತು.

ಹಾಳೆ ಸುತ್ತುವ ರೋಲರಿನ ರಬ್ಬರ್ ಕಲ್ಲಾಗಿತ್ತು. ಅದನ್ನು ಹಾಗೇ ಬಿಟ್ಟೆ, ಹಿಂದೆ ಇನ್ನೊಂದು ಹಾಳೆ ಇಟ್ಟರೆ ನಡೆಯುತ್ತದೆ. ಬಿಡಿಭಾಗ ಬೇಕೆಂದರೆ ಕೆಟ್ಟ ಮಷಿನ್‌ಗಳೇ ಗತಿ. ಗೋದ್ರೇಜ್ ಕೂಡ 2009ರಲ್ಲಿ ಟೈಪ್‌ರೈಟರ್ ತಯಾರಿ ನಿಲ್ಲಿಸಿತಲ್ಲ.

ರಿಪೇರಿಗೆ ಖರ್ಚಾದದ್ದು 650 ರೂಪಾಯಿ. ಮಾರುವಾಗ ಫೋಟೋ ಜೊತೆ ಅದರಲ್ಲೇ ಹೊಡೆದ ಒಂದು ಹಾಳೆ ಕಳಿಸಿದೆ. ನೈಲಾನ್ ದಾರ, ಗಟ್ಟಿ ರೋಲರ್ ಎರಡನ್ನೂ ಮೊದಲೇ ಹೇಳಿದೆ. ಧಾರವಾಡದ ಒಬ್ಬ ಮೇಷ್ಟ್ರು 7,500ಕ್ಕೆ ಒಪ್ಪಿದರು. ಸವೆದ ಬಣ್ಣ ನೋಡಿ, "ಇದು ಹೀಂಗ ಇರ್ಲಿರಿ" ಅಂದರು. ಕ್ಯಾರೇಜ್ ನಡುವಿಗೆ ತಂದು ದಾರದಿಂದ ಬಿಗಿದೆ. ಪಾರ್ಸೆಲ್‌ಗೆ ಹಾಕಲು ಮನಸ್ಸಾಗಲಿಲ್ಲ. ಪಕ್ಕದ ಸೀಟಿಗೂ ಟಿಕೆಟ್ ತೆಗೆಸಿ, ಬಸ್ಸಿನಲ್ಲಿ ನಾನೇ ಒಯ್ದು ಕೊಟ್ಟೆ.