ವಿಜ್ಞಾನ–ಧರ್ಮದ ಸಸ್ಪೆನ್ಸ್ ಥ್ರಿಲ್ಲರ್ ಬರೆಯೋದು ಹೇಗೆ? ಮೊದಲು ಒಂದು ವಸ್ತು ಹುಡುಕಿ

ವಿಜ್ಞಾನ ಮತ್ತು ಧರ್ಮದ ತಿಕ್ಕಾಟ ಇಟ್ಟುಕೊಂಡು ಥ್ರಿಲ್ಲರ್ ಬರೆಯಲು ಹೊರಟವರು ಸಾಮಾನ್ಯವಾಗಿ ಮೊದಲು ಖಳನನ್ನು ಹುಡುಕುತ್ತಾರೆ. ಒಬ್ಬ ಕಪಟ ಸ್ವಾಮಿ, ಇಲ್ಲವೇ ದೇವರೇ ಇಲ್ಲ ಅಂತ ಕೂಗಾಡುವ ಸೊಕ್ಕಿನ ವಿಜ್ಞಾನಿ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಯಾರು ಗೆಲ್ಲುತ್ತಾರೆ ಅಂತ ಓದುಗರಿಗೆ ಮೂರನೇ ಅಧ್ಯಾಯಕ್ಕೇ ಗೊತ್ತಾಗಿಬಿಡುತ್ತದೆ. ಅದರ ಬದಲು ಒಂದು ವಸ್ತು ಹುಡುಕಿ. ಜನ ಕೈಮುಗಿಯುವ ವಸ್ತು ಆಗಿರಬೇಕು, ಮತ್ತು ಅದನ್ನು ಪರೀಕ್ಷೆ ಮಾಡಬೇಕಾದರೆ ಅದರ ಒಂದು ಚೂರನ್ನಾದರೂ ನಾಶ ಮಾಡಲೇಬೇಕು. ನಿಮ್ಮ ಕಥೆಯ ನಿಜವಾದ ಜಗಳ ಅಲ್ಲಿದೆ.

ಇಂಥ ಒಂದು ಘಟನೆ ನಿಜವಾಗಿ ನಡೆದಿದೆ. ಇಟಲಿಯ ಟ್ಯೂರಿನ್ ನಗರದ ಕೆಥೆಡ್ರಲ್‌ನಲ್ಲಿ ನಾಲ್ಕು ಮೀಟರ್‌ಗೂ ಜಾಸ್ತಿ ಉದ್ದದ ಒಂದು ಲಿನನ್ ಬಟ್ಟೆ ಇದೆ. ಶಿಲುಬೆಯಿಂದ ಇಳಿಸಿದ ಯೇಸುವಿನ ದೇಹಕ್ಕೆ ಸುತ್ತಿದ ಬಟ್ಟೆ ಇದೇ ಅಂತ ಭಕ್ತರ ನಂಬಿಕೆ. ಅದರ ಮೇಲೆ ಒಬ್ಬ ಗಂಡಸಿನ ಮಸುಕಾದ ಆಕೃತಿ ಇದೆ. 1898ರಲ್ಲಿ ಸೆಕೊಂಡೊ ಪಿಯಾ ಎಂಬ ವಕೀಲರು ಅದರ ಫೋಟೊ ತೆಗೆದಾಗ, ಬರಿಗಣ್ಣಿಗೆ ಸರಿಯಾಗಿ ಕಾಣದ ಮುಖ ನೆಗೆಟಿವ್‌ನಲ್ಲಿ ಎದ್ದು ಕಂಡಿತು. ಅಲ್ಲಿಂದ ಚರ್ಚೆ ನಿಂತೇ ಇಲ್ಲ.

1988ರ ಏಪ್ರಿಲ್ 21ರಂದು ಆ ಬಟ್ಟೆಯ ಮೂಲೆಯಿಂದ ಒಂದು ಸಣ್ಣ ಪಟ್ಟಿ ಕತ್ತರಿಸಿದರು. ಆಕ್ಸ್‌ಫರ್ಡ್, ಜ್ಯೂರಿಕ್, ಅರಿಜೋನಾ, ಹೀಗೆ ಮೂರು ಲ್ಯಾಬ್‌ಗಳಿಗೆ ತಲಾ ಸುಮಾರು 50 ಮಿಲಿಗ್ರಾಂ ಹೋಯಿತು. ಕಾರ್ಬನ್ ಪರೀಕ್ಷೆ ಅಂದರೆ ಆ ಚೂರನ್ನು ತೊಳೆದು, ಸುಟ್ಟು, ಗ್ರಾಫೈಟ್ (ಶುದ್ಧ ಇಂಗಾಲ) ಮಾಡಿ, ಅದರಲ್ಲಿ ಉಳಿದಿರುವ ಕಾರ್ಬನ್-14 ಪರಮಾಣುಗಳನ್ನು ಎಣಿಸಿ ವಯಸ್ಸು ಲೆಕ್ಕ ಹಾಕುವುದು. ಚೂರು ವಾಪಸ್ ಬರುವುದಿಲ್ಲ. ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮಾತುಕತೆ ತಾನಾಗಿ ಬರುತ್ತದೆ. ಉದಾಹರಣೆಗೆ, ಶಿರಸಿ ಕಡೆಯ ಒಂದು ದೇವಸ್ಥಾನದ ಹಳೇ ತೇರಿನ ಮರದ ಚಕ್ಕೆ ಬೇಕು ಅಂತ ಲ್ಯಾಬ್‌ನ ಹುಡುಗಿ ಬಂದಿದ್ದಾಳೆ ಅಂದುಕೊಳ್ಳಿ.

"ತಗೊಂಡು ಹೋಗಿದ್ದನ್ನ ಮತ್ತೆ ತಂದುಕೊಡ್ತೀಯೇನು ತಂಗಿ?"

"ಇಲ್ಲ ಭಟ್ರೇ. ಸುಟ್ಟೇ ನೋಡಬೇಕು."

"ಹಾಗಾದ್ರೆ ಪೂರ್ತಿ ತೇರಿನ ವಯಸ್ಸು ಗೊತ್ತಾಗತ್ತೋ, ಆ ಚಕ್ಕೆದು ಮಾತ್ರವೋ?"

ಭಟ್ಟರ ಕೊನೆಯ ಪ್ರಶ್ನೆ ನೋಡಿ. ಅದು ಮೂಢನಂಬಿಕೆ ಅಲ್ಲ, ಒಳ್ಳೇ ವೈಜ್ಞಾನಿಕ ಪ್ರಶ್ನೆ. ತೇರನ್ನು ಎಷ್ಟೋ ಸಲ ರಿಪೇರಿ ಮಾಡಿರುತ್ತಾರೆ, ಯಾವ ಹಲಗೆ ಯಾವ ಕಾಲದ್ದೋ. ಟ್ಯೂರಿನ್ ಬಟ್ಟೆಯ ವಿಷಯದಲ್ಲೂ ಇದೇ ವಾದ ಎದ್ದಿತು, ಕತ್ತರಿಸಿದ ಮೂಲೆ ಆಮೇಲೆ ತೇಪೆ ಹಾಕಿದ್ದು ಅಂತ. ಆ ವಾದವನ್ನು ಒಪ್ಪದ ತಜ್ಞರೂ ಇದ್ದಾರೆ. ನೀವು ಯಾವ ಪಕ್ಷವನ್ನು ಒಪ್ಪುವುದಿಲ್ಲವೋ ಆ ಪಕ್ಷಕ್ಕೇ ಬಲವಾದ ಮಾತು ಕೊಡಿ. ಇದು ನನ್ನ ಮಟ್ಟಿಗೆ ಈ ಪ್ರಕಾರದ ಮೊದಲ ನಿಯಮ.

ಇನ್ನು ಸಸ್ಪೆನ್ಸ್. ಅದು ಗುಂಡು ಹಾರಿಸುವುದರಲ್ಲಿ ಇಲ್ಲ, ಸ್ಯಾಂಪಲ್ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನೋದರಲ್ಲಿದೆ. ಟ್ಯೂರಿನ್‌ನಲ್ಲಿ ಅವತ್ತಿನ ಕೆಲಸವನ್ನೆಲ್ಲ ವಿಡಿಯೊ ಮಾಡಿದರು, ಒಂದನ್ನು ಬಿಟ್ಟು. ಚೂರುಗಳನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ನಂಬರ್ ಹಾಕಿದ ಸ್ಟೀಲ್ ಡಬ್ಬಿಗಳಿಗೆ ತುಂಬಿದ್ದು ಪಕ್ಕದ ಕೋಣೆಯಲ್ಲಿ. ಅಲ್ಲಿ ಟ್ಯೂರಿನ್ ಚರ್ಚ್‌ನ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ಬಲ್ಲೆಸ್ಟ್ರೆರೊ ಮತ್ತು ಬ್ರಿಟಿಷ್ ಮ್ಯೂಸಿಯಂನ ಮೈಕೆಲ್ ಟೈಟ್ ಇದ್ದರು. ಆ ಭಾಗದ ವಿಡಿಯೊ ಇಲ್ಲ. ಬೇರೆ ಹಳೇ ಬಟ್ಟೆಗಳ ಚೂರುಗಳನ್ನೂ ಜೊತೆಗೆ ಕಳಿಸಿದ್ದರಿಂದ, ಯಾವ ಡಬ್ಬಿಯಲ್ಲಿ ಯಾವುದು ಅಂತ ಲ್ಯಾಬ್‌ನವರಿಗೆ ತಿಳಿಯಬಾರದು ಅನ್ನೋದು ಲೆಕ್ಕ. ಅಲ್ಲಿ ಮೋಸ ನಡೆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಅನುಮಾನ ಮನೆ ಮಾಡಿದ್ದು ಆ ಕೋಣೆಯಲ್ಲೇ. ನಿಮ್ಮ ಕಥೆಯಲ್ಲೂ ಕ್ಯಾಮೆರಾ ಇಲ್ಲದ ಅಂಥ ಒಂದು ಕೋಣೆ ಇರಲಿ, ಒಂದೇ ಸಾಕು.

ಫಲಿತಾಂಶವನ್ನು ಕೊನೆಯ ಪುಟಕ್ಕೆ ಇಟ್ಟುಕೊಳ್ಳಬೇಡಿ. 1988ರ ಅಕ್ಟೋಬರ್ 13ರಂದು ಬಟ್ಟೆ 1260ರಿಂದ 1390ರ ನಡುವಿನದು ಅಂತ ಪ್ರಕಟಿಸಿದವರು ಯಾರು ಗೊತ್ತಾ? ಅದೇ ಕಾರ್ಡಿನಲ್. ಚರ್ಚ್ ಫಲಿತಾಂಶವನ್ನು ಬಚ್ಚಿಡಲಿಲ್ಲ, ಜನ ಕೈಮುಗಿಯುವುದನ್ನೂ ಬಿಡಲಿಲ್ಲ. ಹಾಗಾಗಿ ಉತ್ತರವನ್ನು ನಡುವೆಯೇ ಬಿಚ್ಚಿಡಿ. ಗೊತ್ತಾದ ಮೇಲೆ ಯಾರು ಹೇಗೆ ಬದುಕುತ್ತಾರೆ ಅನ್ನೋದು ಉಳಿದ ಅರ್ಧ ಕಥೆ.

ಪಾತ್ರಗಳಿಗೆ ಲಮೇತ್ರ್ ಅವರ ಬದುಕು ಓದಿ. ಬೆಲ್ಜಿಯಂನ ಪಾದ್ರಿ, 1927ರಲ್ಲೇ ವಿಶ್ವ ಹಿಗ್ಗುತ್ತಿದೆ ಅಂತ ಗಣಿತದಿಂದ ತೋರಿಸಿದವರು. 1951ರಲ್ಲಿ ಪೋಪ್ ಇಂಥ ವಿಜ್ಞಾನವನ್ನು ದೇವರ ಸೃಷ್ಟಿಗೆ ಸಾಕ್ಷಿ ಅನ್ನುವಂತೆ ಮಾತಾಡಿದಾಗ ಅವರಿಗೆ ಅದು ಹಿಡಿಸಲಿಲ್ಲ. ಎರಡೂ ಕಡೆ ಕಾಲಿಟ್ಟು, ಎರಡನ್ನೂ ಬೆರೆಸಲು ಒಪ್ಪದ ಇಂಥ ಮನುಷ್ಯ ನಿಮ್ಮ ಕಥೆಯಲ್ಲಿ ಇದ್ದರೆ ಎಷ್ಟು ಚೆನ್ನ ಅಲ್ವಾ?

ತಾಂತ್ರಿಕ ವಿವರಗಳನ್ನು ಸುಮ್ನೆ ಊಹಿಸಬೇಡಿ. ಕಲ್ಲಿನ ವಿಗ್ರಹವನ್ನು ಯಾವಾಗ ಕೆತ್ತಿದರು ಅಂತ ಕಾರ್ಬನ್ ಪರೀಕ್ಷೆ ಹೇಳುವುದಿಲ್ಲ. ಒಂದು ಕಾಲಕ್ಕೆ ಜೀವ ಇದ್ದದ್ದಕ್ಕೆ ಮಾತ್ರ ಅದು: ಮರ, ತಾಳೆಗರಿ, ಹತ್ತಿ, ಮೂಳೆ, ಕಾಳು.

ಬೆಂಗಳೂರಲ್ಲಿ ಕಥೆ ನಡೆಸುವುದಾದರೆ ಗವಿ ಗಂಗಾಧರೇಶ್ವರ ಇದೆ. ಸಂಕ್ರಾಂತಿ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ಜನ ಮುಗಿಬೀಳುತ್ತಾರೆ. ಆದರೆ ಸೂರ್ಯ ಆಕಾಶದ ಅದೇ ದಾರಿಗೆ ವರ್ಷದಲ್ಲಿ ಇನ್ನೊಮ್ಮೆ ಬರುತ್ತಾನೆ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ದಕ್ಷಿಣದ ತುದಿ ಮುಟ್ಟಿ ಹಿಂದಿರುಗುತ್ತಾನೆ; ಸಂಕ್ರಾಂತಿ ಅದಾಗಿ ಸುಮಾರು 24 ದಿನಕ್ಕೆ, ಇನ್ನೊಂದು ಸಲ ಅದಕ್ಕೆ ಸುಮಾರು 24 ದಿನ ಮೊದಲು, ಅಂದರೆ ನವೆಂಬರ್ ಕೊನೆಗೆ. ಆಗ ಸಂಕ್ರಾಂತಿಯ ನೂಕುನುಗ್ಗಲು ಇರುವುದಿಲ್ಲ. ಆ ಸಂಜೆ ಅಲ್ಲಿಗೆ ಇಬ್ಬರೇ ಬರಲಿ: ಲೆಕ್ಕ ಹಾಕಿ ತಿಳಿದುಕೊಂಡವಳು ಒಬ್ಬಳು, ತಲೆಮಾರಿನಿಂದ ತಿಳಿದಿದ್ದೂ ಯಾರಿಗೂ ಹೇಳದವರು ಒಬ್ಬರು.

ಕರಡು ಮುಗಿದ ಮೇಲೆ ಒಬ್ಬ ಅರ್ಚಕರಿಗೆ, ಒಬ್ಬ ಲ್ಯಾಬ್‌ನವರಿಗೆ ಓದಲು ಕೊಡಿ. "ಗರ್ಭಗುಡಿಗೆ ಹೀಗೆಲ್ಲ ಯಾರನ್ನೂ ಬಿಡಲ್ಲ" ಅಂತ ಅವರು ಗುರುತು ಹಾಕಿದ್ದನ್ನೂ, "ರಿಪೋರ್ಟ್ ಒಂದೇ ರಾತ್ರಿಗೆ ಬರಲ್ಲ" ಅಂತ ಇವರು ಹಾಕಿದ್ದನ್ನೂ ತಿದ್ದಿ. ಟ್ಯೂರಿನ್‌ನಲ್ಲಿ ಕತ್ತರಿಸಿದ ದಿನದಿಂದ ಪ್ರಕಟಣೆಗೆ ಸುಮಾರು ಆರು ತಿಂಗಳು ಹಿಡಿಯಿತು. ನಿಮ್ಮ ಕಥೆಯಲ್ಲೂ ಅಷ್ಟು ಸಮಯ ಕೊಡಿ, ಕಾಯುವವರು ಏನೇನು ಮಾಡುತ್ತಾರೆ ಅಂತ ಬರೆಯುತ್ತಾ ಹೋಗಿ.